ಬಣ್ಣ ಹಕ್ಕಳೆ ಎದ್ದಿದೆಯಾ? ಮೊದಲು ಹಕ್ಕಳೆಯ ಬೆನ್ನು ನೋಡಿ

ಎರಡು ವರ್ಷದ ಹಿಂದೆ ದೀಪಾವಳಿ ಮುಂದೆ ಧಾರವಾಡದ ನಮ್ಮ ಮನೆಗೆ ಬಣ್ಣ ಹೊಡೆಸಿದೆ. ಒಳ್ಳೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಬಣ್ಣ), ಎರಡು ಕೋಟ್. ಶಿವರಾತ್ರಿ ಹೊತ್ತಿಗೆ ಪಡಸಾಲೆಯ ಪಶ್ಚಿಮದ ಗೋಡೆಯಲ್ಲಿ ಅಂಗೈಯಷ್ಟು ಜಾಗ ಉಬ್ಬಿ, ಹಕ್ಕಳೆ ಎದ್ದು, ಫ್ಯಾನ್ ಗಾಳಿಗೆ ಅಲ್ಲಾಡತೊಡಗಿತು. ನಾನು ಬಣ್ಣವನ್ನೇ ಬೈದೆ. ಇನ್ನೂ ದುಬಾರಿಯ ಡಬ್ಬಿ ತರೋಣ ಎಂದು ಚಪ್ಪಲಿ ಮೆಟ್ಟುತ್ತಿದ್ದಾಗ ನಮ್ಮ ಓಣಿಯ ಪೇಂಟರ್ ಕಾಕಾ ಬಂದರು. ಅವರು ಗೋಡೆಯ ಮುಖ ನೋಡಲೇ ಇಲ್ಲ. ಉಗುರಿನಿಂದ ಒಂದು ಹಕ್ಕಳೆ ಕಿತ್ತರು, ಮಗುಚಿದರು, ಅದರ ಬೆನ್ನಿನ ಮೇಲೆ ಹೆಬ್ಬೆರಳು ಉಜ್ಜಿದರು. ಬೆರಳಿಗೆ ಬಿಳಿ ಹಿಟ್ಟು ಹತ್ತಿತು.

"ನೋಡ್ರಿ ಸರ, ಬಣ್ಣ ಗಟ್ಟಿ ಐತಿ. ಹಳೀ ಸುಣ್ಣಾನ ಗ್ವಾಡಿ ಬಿಟ್ಟೈತಿ. ಬಣ್ಣ ಪಾಪ ಏನ್ ಮಾಡ್ತೈತ್ರಿ?"

ಅವತ್ತಿನಿಂದ ನಾನೂ ಇದನ್ನೇ ಮಾಡುತ್ತೇನೆ. ಗೋಡೆ ಇರಲಿ, ಕಿಟಕಿಯ ಸರಳಿರಲಿ, ಬಾಗಿಲಿರಲಿ, ಎದ್ದ ಚೂರನ್ನು ಕಿತ್ತು ಬೆನ್ನು ನೋಡುತ್ತೇನೆ. ಬೆನ್ನಿಗೆ ಏನು ಅಂಟಿಕೊಂಡು ಬಂದಿದೆ, ಅದು ಕಿತ್ತ ಜಾಗದಲ್ಲಿ ಏನು ಉಳಿದಿದೆ, ಈ ಎರಡು ಗೊತ್ತಾದರೆ ಮುಕ್ಕಾಲು ಪಾಲು ಕಾರಣ ಸಿಕ್ಕ ಹಾಗೆ.

ಹಕ್ಕಳೆ ಇನ್ನೂ ಎದ್ದಿಲ್ಲ, ಆದರೆ ಅನುಮಾನ ಇದೆ ಅಂದರೆ ಒಂದು ಸಣ್ಣ ಪರೀಕ್ಷೆ ಇದೆ. ಬ್ಲೇಡಿನಿಂದ ಬಣ್ಣದ ಮೇಲೆ ಉದ್ದಕ್ಕೆ ಐದಾರು, ಅಡ್ಡಕ್ಕೆ ಐದಾರು ಗೀರು ಹಾಕಿ. ಗೀರಿನ ನಡುವೆ ಎರಡು ಮೂರು ಮಿ.ಮೀ. ಸಾಕು. ಮೇಲೆ ಗಟ್ಟಿ ಅಂಟಿನ ಟೇಪ್ ಒತ್ತಿ ಹಚ್ಚಿ, ಪಟ್ಟನೆ ಎಳೆಯಿರಿ. ಚೌಕಗಳು ಗೋಡೆಯಲ್ಲೇ ಉಳಿದರೆ ಹಳೆಯ ಬಣ್ಣ ಗಟ್ಟಿ ಇದೆ, ಅದರ ಮೇಲೇ ಹೊಡೆಯಬಹುದು. ಟೇಪಿನ ಜೊತೆ ಬಂದರೆ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದೂ ಒಂದು ದಿನ ಹೀಗೇ ಬರುತ್ತದೆ.

ಬೆನ್ನಿಗೆ ಬಿಳಿ ಹಿಟ್ಟು ಹತ್ತಿದರೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದೇ ಜಾಸ್ತಿ. ವರ್ಷಾ ವರ್ಷಾ ಹಬ್ಬಕ್ಕೆ ಸುಣ್ಣ, ಆಮೇಲೆ ಡಿಸ್ಟೆಂಪರ್, ಅದರ ಮೇಲೆ ಎಮಲ್ಷನ್. ಹಳೆಯ ಸುಣ್ಣ, ಅಗ್ಗದ ಡಿಸ್ಟೆಂಪರ್ ಎರಡೂ ಕಾಲ ಕಳೆದಂತೆ ಪುಡಿಯಾಗುತ್ತವೆ. ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ ನೋಡಿ. ಬಟ್ಟೆ ಬೆಳ್ಳಗಾದರೆ ಆ ಗೋಡೆ ಬಣ್ಣ ಹಿಡಿಯುವುದಿಲ್ಲ. ಎಮಲ್ಷನ್ ಒಣಗುವಾಗ ಸ್ವಲ್ಪ ಬಿಗಿಯುತ್ತದೆ. ಆ ಬಿಗಿತಕ್ಕೆ ಕೆಳಗಿನ ಪುಡಿ ಕಿತ್ತು ಬರುತ್ತದೆ.

ಔಷಧಿ ಸರಳ, ಮೈಮುರಿ ಕೆಲಸ ಮಾತ್ರ ಜಾಸ್ತಿ. ಪೇಂಟರ್‌ಗಳ ಲೋಹದ ಪಟ್ಟಿಯಿಂದ ಕೆರೆದು ಸಡಿಲ ಇದ್ದದ್ದನ್ನೆಲ್ಲ ತೆಗೆಯಬೇಕು. ಆಮೇಲೆ ಒದ್ದೆ ಬ್ರಷ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮತ್ತೆ ಕಪ್ಪು ಬಟ್ಟೆ ಪರೀಕ್ಷೆ. ಇನ್ನೂ ತುಸು ಹಿಟ್ಟು ಬರುತ್ತಿದ್ದರೆ ನೀರಿನ ಪ್ರೈಮರ್ (ಬಣ್ಣಕ್ಕೆ ಹಿಡಿತ ಸಿಗಲೆಂದು ಮೊದಲು ಹೊಡೆಯುವ ಕೋಟ್) ಬದಲು ಎಣ್ಣೆ ಆಧಾರದ ವಾಲ್ ಪ್ರೈಮರ್ ಹೊಡೆಯಿರಿ. ಅದು ಪುಡಿಯ ಒಳಗೆ ಇಳಿದು ಹಿಡಿಯುತ್ತದೆ. ಆದರೆ ಇದು ಹಳೆಯ, ಒಣಗಿದ ಗೋಡೆಗೆ ಮಾತ್ರ.

ಬೆನ್ನಿಗೆ ಹಿಟ್ಟಿನ ಬದಲು ದಪ್ಪನೆಯ ಪುಟ್ಟಿಯ (ಬಣ್ಣಕ್ಕೆ ಮೊದಲು ಗೋಡೆ ನುಣುಪು ಮಾಡಲು ಮೆತ್ತುವ ಲೇಪ) ತುಂಡೇ ಬಂದರೆ ತಪ್ಪು ಪುಟ್ಟಿ ಹಾಕಿದ ರೀತಿಯಲ್ಲಿದೆ. ಬಿಳಿ ಸಿಮೆಂಟಿನ ಪುಟ್ಟಿಗೆ ಗೋಡೆ ತುಸು ತೇವ ಇರಬೇಕು, ಧೂಳು ಇರಬಾರದು. ಒಣಗಿ ಕಾದ ಗೋಡೆ ಅದರ ನೀರನ್ನು ಗಟಗಟನೆ ಕುಡಿದುಬಿಡುತ್ತದೆ, ಪುಟ್ಟಿ ಗಟ್ಟಿಯಾಗುವ ಮೊದಲೇ ಸೊರಗುತ್ತದೆ. ಗಿಲಾವಿನ (ಪ್ಲಾಸ್ಟರಿನ) ಏರುತಗ್ಗು ಮುಚ್ಚಲು ಪುಟ್ಟಿಯನ್ನೇ ದಪ್ಪಗೆ ಮೆತ್ತುವವರೂ ಇದ್ದಾರೆ. ಎರಡೂ ಕೋಟ್ ಸೇರಿ ಸುಮಾರು ಒಂದೂವರೆ ಮಿ.ಮೀ. ದಾಟಬಾರದು. ಅದಕ್ಕಿಂತ ಆಳದ ತಗ್ಗು ತುಂಬುವುದು ಗೌಂಡಿಯ ಕೆಲಸ, ಪೇಂಟರ್ ಕೆಲಸ ಅಲ್ಲ.

ಧಾರವಾಡದ ಮಾಳಮಡ್ಡಿ ಕಡೆ ಇನ್ನೂ ಅಲ್ಲಲ್ಲಿ ಹಳೆಯ ಹಂಚಿನ ಮನೆಗಳಿವೆ. ಅಂಥ ಮನೆಯ ಮಣ್ಣಿನ ಗೋಡೆಗೋ, ಸುಣ್ಣದ ಗಾರೆಗೋ ಪ್ಲಾಸ್ಟಿಕ್ ಪೇಂಟ್, ಅಂದರೆ ಎಮಲ್ಷನ್, ಹೊಡೆಸುವವರನ್ನು ಕಂಡರೆ ನನಗೆ ಕೈಹಿಡಿದು ತಡೆಯಬೇಕು ಅನ್ನಿಸುತ್ತದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಪ್ಲಾಸ್ಟಿಕ್ ಪೇಂಟ್ ಮಾಡುತ್ತದೆ. ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಬಣ್ಣವನ್ನೇ ತಳ್ಳುತ್ತದೆ, ಜೊತೆಗೆ ಮಣ್ಣನ್ನೂ ಉದುರಿಸುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ. ಬಣ್ಣ ಬೇಕಾದರೆ ಸುಣ್ಣಕ್ಕೇ ಬಣ್ಣದ ಪುಡಿ ಕಲಸಿ.

ಉಪ್ಪು, ತೇವ, ಮತ್ತು ನಮ್ಮ ಮನೆಯ ಗೋಡೆ

ಈಗ ನನ್ನ ಮೂರ್ಖತನದ ಎರಡನೇ ಭಾಗ. ಕಾಕಾ ಹೇಳಿದಂತೆ ಕೆರೆಸಿದೆ, ಪ್ರೈಮರ್ ಹಾಕಿಸಿದೆ, ಬಣ್ಣ ಹೊಡೆಸಿದೆ. ಗೋಡೆಯ ಮೇಲ್ಭಾಗ ಇವತ್ತಿಗೂ ಕಲ್ಲಿನ ಹಾಗಿದೆ. ಕೆಳಗಿನ ಎರಡು ಅಡಿ ಮಾತ್ರ ಮುಂದಿನ ಮಳೆಗಾಲ ಮುಗಿಯುತ್ತಲೇ ಮತ್ತೆ ಉಬ್ಬಿತು. ಕಿತ್ತು ನೋಡಿದೆ. ಈ ಸಲವೂ ಬೆನ್ನಿಗೆ ಬೆಳ್ಳಗೆ ಏನೋ ಇತ್ತು. ಆದರೆ ಹಿಟ್ಟಲ್ಲ. ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುವ ಹತ್ತಿಯಂಥ ಎಳೆಗಳು. ಒಂದು ಹನಿ ನೀರು ಹಾಕಿದೆ. ಕರಗಿ ಮಾಯವಾಯಿತು. ಸುಣ್ಣದ ಪುಡಿ ಹಾಗೆ ಕರಗುವುದಿಲ್ಲ. ಇದು ಉಪ್ಪು.

ಇಟ್ಟಿಗೆ, ಮರಳು, ಸಿಮೆಂಟು, ನೆಲದ ಮಣ್ಣು ಎಲ್ಲದರಲ್ಲೂ ತುಸು ಉಪ್ಪಿರುತ್ತದೆ. ಗಿಲಾವಿಗೆ, ಅದು ಗಟ್ಟಿಯಾಗಲೆಂದು ನೀರುಣಿಸುವ ಕ್ಯೂರಿಂಗಿಗೆ ಸವಳು ಬೋರಿನ ನೀರು ಬಳಸಿದ್ದರೆ ಇನ್ನಷ್ಟು. ಉಪ್ಪು ಒಣಗಿದ್ದಾಗ ಸುಮ್ನೆ ಇರುತ್ತದೆ. ನೀರು ಬಂದರೆ ಅದರಲ್ಲಿ ಕರಗಿ ಗೋಡೆಯ ಮೇಲ್ಮೈಗೆ ಬರುತ್ತದೆ, ನೀರು ಆರಿದ ಮೇಲೆ ಅಲ್ಲೇ ಹರಳುಗಟ್ಟಿ ಬಣ್ಣವನ್ನು ಎಬ್ಬಿಸುತ್ತದೆ. ಉಪ್ಪು ಕಂಡಿತೆಂದರೆ ಎಲ್ಲೋ ನೀರಿದೆ ಎಂದೇ ಅರ್ಥ.

ನೀರು ಎಲ್ಲಿಂದ ಬರುತ್ತಿದೆ? ಇದಕ್ಕೆ ಪಾಲಿಥಿನ್ ಪರೀಕ್ಷೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಗೆ, ಅಂದರೆ ಗೋಡೆಯ ಕಡೆ, ಬೆವರು ಕಂಡರೆ ನೀರು ಗೋಡೆಯೊಳಗಿದೆ. ಹೊರಗೆ, ಕೋಣೆಯ ಕಡೆ, ಹನಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಕಿಟಕಿ ತೆರೆದಿಡಿ, ಒಳಗೆ ಬಟ್ಟೆ ಒಣಹಾಕಬೇಡಿ, ಅಷ್ಟೇ.

ನಮ್ಮಲ್ಲಿ ಒಳಗಡೆಯೇ ಬೆವರಿತ್ತು. ಆಮೇಲೆ ಎತ್ತರ ನೋಡಿದೆ. ನೆಲದಿಂದ ಮೇಲಕ್ಕೆ ಮೂರು ಅಡಿಯ ತನಕ, ಗೋಡೆಯ ಉದ್ದಕ್ಕೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕಲೆ ಇದ್ದರೆ ಅದು ತಳಪಾಯದಿಂದ ಏರುವ ತೇವ. ಮೇಲಿಂದ ನಾಲಿಗೆಯಂತೆ ಇಳಿದಿದ್ದರೆ ಮಾಳಿಗೆ ಅಥವಾ ಪ್ಯಾರಾಪೆಟ್. ಒಂದೇ ಮೂಲೆಗೆ ಅಂಟಿಕೊಂಡಿದ್ದರೆ ಪೈಪ್, ಇಲ್ಲವೇ ಗೋಡೆಯ ಆಚೆಗಿನ ಬಚ್ಚಲು. ಬರೀ ಪಶ್ಚಿಮದ ಗೋಡೆಯಾದರೆ ಜಡಿಮಳೆಯ ಹೊಡೆತ ಇರಬಹುದು. ಧಾರವಾಡದಲ್ಲಿ ಆಷಾಢ, ಶ್ರಾವಣದ ಮಳೆ ಆ ದಿಕ್ಕಿನಿಂದಲೇ ವಾರಗಟ್ಟಲೆ ಜಿಟಿಜಿಟಿ ಬಡಿಯುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಲೆ ಒಂದು ಮೂಲೆಯಿಂದ ಶುರುವಾಗಿ ಅಗಲವಾಗಿತ್ತು. ಮಳೆ ಬರುವಾಗ ಕೊಡೆ ಹಿಡಿದು ಹಿಂದಕ್ಕೆ ಹೋಗಿ ನೋಡಿದೆ. ಮಾಳಿಗೆಯ ನೀರಿನ ಪೈಪ್ ನೆಲ ಮುಟ್ಟುವ ಒಂದು ಗೇಣು ಮೊದಲೇ ಮುರಿದಿತ್ತು. ಅಷ್ಟೂ ನೀರು ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಎರಡು ಸಲ ಬಣ್ಣಕ್ಕೆ ಸುರಿದ ದುಡ್ಡು ಒಂದು ಪಿವಿಸಿ ಬೆಂಡಿಗಾಗಿ!

ಉಪ್ಪನ್ನು ತೊಳೆಯಬೇಡಿ. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಬಿದ್ದದ್ದನ್ನು ಗುಡಿಸಿ ಹೊರಹಾಕಿ. ನೀರಿನ ಮೂಲ ಮುಚ್ಚಿದ ಮೇಲೂ ಗೋಡೆ ಕೆಲವು ವಾರ ಉಪ್ಪು ಬಿಡುತ್ತಿರುತ್ತದೆ. ವಾರಕ್ಕೊಮ್ಮೆ ಉಜ್ಜುತ್ತಾ ಕಾಯಬೇಕು. ಈ ಹೊತ್ತಿನಲ್ಲಿ ಯಾರಾದರೂ "ಮೇಲೊಂದು ವಾಟರ್‌ಪ್ರೂಫ್ ಕೋಟ್ ಹೊಡೆದುಬಿಡೋಣ್ರಿ" ಅಂದರೆ ಒಪ್ಪಬೇಡಿ. ನೀರು ಹಿಂದಿನಿಂದ ಬರುತ್ತಿರುವಾಗ ಮುಂದೆ ಬಾಗಿಲು ಹಾಕಿದರೆ ಅದು ಪಕ್ಕದಲ್ಲಿ ದಾರಿ ಹುಡುಕುತ್ತದೆ.

ನಮ್ಮ ಊರಿನ ಅಭ್ಯಾಸದ ಬಗ್ಗೆಯೂ ಒಂದು ಮಾತು. ದೀಪಾವಳಿಗೆ ಮನೆ ಫಳಫಳ ಅನ್ನಬೇಕು, ಸರಿ. ಆದರೆ ಮಳೆ ನಿಂತು ಆಗಿನ್ನೂ ಸ್ವಲ್ಪ ದಿನ ಆಗಿರುತ್ತದೆ. ಕೆಲವು ವರ್ಷ ನಿಂತೂ ಇರುವುದಿಲ್ಲ. ಹೊರಗೋಡೆ, ಬಚ್ಚಲ ಪಕ್ಕದ ಗೋಡೆಗಳನ್ನು ಬೇಸಿಗೆಗೆ ಬಿಟ್ಟು, ಒಳಗಿನ ಒಣ ಕೋಣೆಗಳನ್ನು ಮಾತ್ರ ಹಬ್ಬಕ್ಕೆ ಮಾಡಿಸುವುದು ಜಾಣತನ.

ಕಪ್ಪು ಚುಕ್ಕಿ

ಅಲಮಾರದ ಹಿಂದೆ, ಬಚ್ಚಲ ಚಾವಣಿಯಲ್ಲಿ ಕಪ್ಪು ಅಥವಾ ಹಸಿರು ಚುಕ್ಕಿ ಕಂಡರೆ ಮೇಲೆ ಒಂದು ಹನಿ ಬ್ಲೀಚ್ ಹಾಕಿ. ಕೆಲವೇ ನಿಮಿಷದಲ್ಲಿ ಮಾಸಿದರೆ ಬೂಸ್ಟು, ಹಾಗೇ ಉಳಿದರೆ ಮಸಿ ಅಥವಾ ಧೂಳು. ಬೂಸ್ಟಿನ ಮೇಲೆ ಬಣ್ಣ ಹೊಡೆದರೆ ಅದು ಬಣ್ಣವನ್ನು ತೂರಿ ಮತ್ತೆ ಬರುತ್ತದೆ. ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆದು ಒಣಗಿಸಿ. ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಸಂಡಾಸು ತೊಳೆಯುವ ಆಸಿಡ್ಡಿನ ಜೊತೆ ಬ್ಲೀಚನ್ನು ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಬಿರುಕು

ಜೇಡರ ಬಲೆಯಂಥ ಕೂದಲೆಳೆ ಬಿರುಕು ಗಿಲಾವು ಒಣಗುವಾಗ ಬಿಟ್ಟದ್ದು. ಪ್ರೈಮರ್, ಪುಟ್ಟಿ ಸಾಕು. ಕಂಬ ಮತ್ತು ಇಟ್ಟಿಗೆ ಸೇರುವಲ್ಲಿ ನೇರ ಗೆರೆ ಎಳೆದಂತೆ ಬಿರುಕಿದ್ದರೆ ಬರೀ ಪುಟ್ಟಿ ನಿಲ್ಲದು. ಗಿಲಾವು ಕಿತ್ತು, ಜಾಳಿಗೆ ಹಚ್ಚಿ ಮತ್ತೆ ಗಿಲಾವು ಮಾಡಬೇಕು.

ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಬೇರೆಯೇ ಜಾತಿ. ಹುಬ್ಬಳ್ಳಿಯ ಎಷ್ಟೋ ಬಡಾವಣೆ, ಗದಗ, ನವಲಗುಂದ ಕಡೆಯ ಎರೆ ಭೂಮಿ, ಇಲ್ಲೆಲ್ಲ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯೂ ಅದರ ಜೊತೆ ಅಲುಗಾಡುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ತಾರೀಖು ಬರೆಯಿರಿ. ಏಪ್ರಿಲ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ನೋಡಿ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿದರೆ ನೆಲದ ಆಟ. ವರ್ಷ ವರ್ಷಕ್ಕೆ ಉದ್ದವಾಗುತ್ತಿದ್ದರೆ ಪೇಂಟರ್‌ನನ್ನು ಬಿಟ್ಟು ಎಂಜಿನಿಯರ್‌ನನ್ನು ಕರೆಯಿರಿ.

ಬೆನ್ನು ನುಣ್ಣಗೆ, ಸ್ವಚ್ಛವಾಗಿದ್ದರೆ

ಹಕ್ಕಳೆಯ ಬೆನ್ನಿಗೆ ಏನೂ ಹತ್ತಿಲ್ಲ, ಪ್ಲಾಸ್ಟಿಕ್ ಹಾಳೆಯಂತೆ ಉದ್ದಕ್ಕೆ ಸುಲಿದು ಬರುತ್ತದೆ. ಆಗ ತೇವದ ತಂಟೆ ಅಲ್ಲ. ಕೆಳಗಿನ ಮೇಲ್ಮೈ ತೀರಾ ನುಣುಪು, ಹಿಡಿತ ಸಿಕ್ಕಿಲ್ಲ.

ಮನೆಯೊಳಗೆ ಇದು ಹೆಚ್ಚಾಗಿ ಹಳೆಯ ಆಯಿಲ್ ಪೇಂಟ್ ಮೇಲೆ ಎಮಲ್ಷನ್ ಹೊಡೆದದ್ದು. ಅಡುಗೆಮನೆಗೆ, ಪಡಸಾಲೆಯ ಕೆಳಭಾಗಕ್ಕೆ ಹಿಂದೆ ಆಯಿಲ್ ಪೇಂಟ್ ಪಟ್ಟಿ ಹೊಡೆಯುತ್ತಿದ್ದರಲ್ಲ, ಅದು. ಅನುಮಾನ ಇದ್ದರೆ ಹತ್ತಿಗೆ ದವಾಖಾನೆಯ ಸ್ಪಿರಿಟ್ ಅದ್ದಿ ಅರ್ಧ ನಿಮಿಷ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಎಮಲ್ಷನ್, ಜಗ್ಗದಿದ್ದರೆ ಆಯಿಲ್ ಪೇಂಟ್. ಅದರ ಹೊಳಪು ಹೋಗುವ ತನಕ ಪಾಲಿಶ್ ಪೇಪರ್ ತಿಕ್ಕಿ, ಪ್ರೈಮರ್ ಹಾಕಿ, ಆಮೇಲೆ ಎಮಲ್ಷನ್.

ತಿಕ್ಕುವ ಮೊದಲು ಒಂದು ಎಚ್ಚರಿಕೆ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಹಾಗಾಗಿ ಒಣ ತಿಕ್ಕುವುದು ಬೇಡ. ನೀರು ಹಚ್ಚಿ ತಿಕ್ಕಿ, ಮಾಸ್ಕ್ ಹಾಕಿ, ಮಕ್ಕಳು ಮತ್ತು ಬಸುರಿಯರನ್ನು ದೂರ ಇಡಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಅಡುಗೆಮನೆಯಲ್ಲಿ ಇನ್ನೊಂದು ಲಕ್ಷಣ ಇದೆ. ರೋಲರ್ ಎಳೆದ ಕೂಡಲೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಕಣ್ಣು ಬಿಟ್ಟಂತೆ ಖಾಲಿ ಉಳಿಯುತ್ತದೆ, ಎಣ್ಣೆ ಸವರಿದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಅದು ಒಗ್ಗರಣೆ, ಮಿರ್ಚಿ ಭಜಿಯ ಜಿಡ್ಡು. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ. ಕಟ್ಟಿಗೆ ಒಲೆ ಇದ್ದ ಹಳೆಯ ಅಡುಗೆಮನೆಯಾದರೆ ಇಲ್ಲಣದ (ಹೊಗೆಮಸಿಯ) ಕಂದು ಕಲೆ ಎಷ್ಟು ಕೋಟ್ ಎಮಲ್ಷನ್ ಹೊಡೆದರೂ ತೂರಿ ಬರುತ್ತದೆ. ಅದನ್ನು ತಡೆಯುವುದು ಎಣ್ಣೆ ಆಧಾರದ ಪ್ರೈಮರ್, ಬಣ್ಣದ ಮೂರನೇ ಕೋಟ್ ಅಲ್ಲ.

ಜಿಐ ತಗಡಿಗೆ, ನಾವು ಪತ್ರಾಸ್ ಅಂತೀವಲ್ಲ ಅದಕ್ಕೆ, ಆಯಿಲ್ ಪೇಂಟ್ ನೇರವಾಗಿ ಹೊಡೆದರೆ ಒಂದೆರಡು ವರ್ಷದಲ್ಲಿ ದೊಡ್ಡ ದೊಡ್ಡ ಹಾಳೆಯಾಗಿ ಕಳಚುತ್ತದೆ. ಹುಬ್ಬಳ್ಳಿಯ ಗೋಕುಲ್ ರೋಡಿನಲ್ಲಿರುವ ಗೆಳೆಯನ ಪಾರ್ಕಿಂಗ್ ಶೆಡ್ಡಿನಲ್ಲಿ ನಾನೇ ಇಷ್ಟುದ್ದ ಸುಲಿದಿದ್ದೇನೆ, ಒಂಥರಾ ಖುಷಿಯೂ ಆಯಿತು. ತಗಡಿನ ಮೇಲಿನ ಸತು ಆಯಿಲ್ ಪೇಂಟಿನ ಎಣ್ಣೆಯ ಜೊತೆ ಸೇರಿ ಸಾಬೂನಿನಂಥ ಪದರ ಮಾಡುತ್ತದೆ, ಆ ಜಾರಿಕೆಯ ಮೇಲೆ ಬಣ್ಣ ನಿಲ್ಲುವುದಿಲ್ಲ. ಪೂರ್ತಿ ಸುಲಿದು, ಜಿಡ್ಡು ತೊಳೆದು, ಒಣಗಿಸಿ, ತೆಳ್ಳಗೆ ವಾಷ್ ಪ್ರೈಮರ್ (ನುಣುಪು ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್) ಹಾಕಿ ಆಮೇಲೆ ಬಣ್ಣ. ಅಲ್ಯುಮಿನಿಯಂ ಕಿಟಕಿಗೂ ಮೊದಲು ವಾಷ್ ಪ್ರೈಮರ್ ಬೇಕು.

ಮಾಳಿಗೆಯ ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಆಸೆ ಬಿಡಿ. ಆ ಪ್ಲಾಸ್ಟಿಕ್ಕಿಗೆ ಏನೂ ಅಂಟುವುದಿಲ್ಲ. ಪಿವಿಸಿ ಪೈಪನ್ನು ತಿಕ್ಕಿ ಅಕ್ರಿಲಿಕ್ ಬಣ್ಣ ಹೊಡೆದರೆ ನಿಲ್ಲುತ್ತದೆ. ಹೊಳಪಿನ ಟೈಲ್ಸಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಒಂದೇ ದಾರಿ. ಆದರೂ ದಿನಾ ಬಿಸಿನೀರು ಬೀಳುವ ಬಚ್ಚಲ ಗೋಡೆಗೆ ನಾನಂತೂ ಹೇಳುವುದಿಲ್ಲ.

ಬೆನ್ನು ಕೆಂಪಾಗಿದ್ದರೆ

ಕಿಟಕಿ ಸರಳಿನ ಹಕ್ಕಳೆಯ ಹಿಂದೆ ತುಕ್ಕು ಇದ್ದರೆ ತುಕ್ಕಿನ ಮೇಲೇ ಬಣ್ಣ ಹೊಡೆದಿದ್ದಾರೆ ಅಥವಾ ನೀರು ನಿಲ್ಲುವ ಜಾಗ ಇದೆ. ಎಲ್ಲಿ ಎದ್ದಿದೆ ನೋಡಿ. ಸರಳಿನ ನಡುವೆ ಅಪರೂಪ. ವೆಲ್ಡಿಂಗ್ ಜಾಗ, ಕಿಟಕಿಯ ಕಟ್ಟೆಯಲ್ಲಿ ಸರಳು ಹೂತ ಬುಡ, ಇವೆರಡೇ ಜಾಸ್ತಿ. ತಂತಿ ಬ್ರಷ್, ಪಾಲಿಶ್ ಪೇಪರ್ ಹಿಡಿದು ಕಬ್ಬಿಣ ಹೊಳೆಯುವ ತನಕ ತಿಕ್ಕಿ, ಅವತ್ತೇ ಪ್ರೈಮರ್ ಹೊಡೆಯಿರಿ. ಮಳೆಗಾಲದಲ್ಲಿ ಬೆಳಿಗ್ಗೆ ತಿಕ್ಕಿದ ಸರಳು ಸಂಜೆಗೆ ಮತ್ತೆ ಕೆಂಪಗಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು "ಬಣ್ಣ ಮುಂದಿನ ತಿಂಗಳು" ಎಂದು ಬಿಡುವುದೂ ತಪ್ಪು. ಪ್ರೈಮರ್ ಒಂದೇ ಮಳೆ ಬಿಸಿಲು ತಡೆಯುವುದಿಲ್ಲ.

ಕಟ್ಟಿಗೆಯ ಗುಳ್ಳೆ

ಬಾಗಿಲ ಮೇಲೆ ಗುಳ್ಳೆ ಎದ್ದಿದ್ದರೆ ಬ್ಲೇಡಿನಿಂದ ಒಂದನ್ನು ಕೊಯ್ಯಿರಿ. ಒಳಗೆ ಬರಿ ಕಟ್ಟಿಗೆ ಕಂಡರೆ ತೇವ ಒಳಗಿನಿಂದ ತಳ್ಳಿದೆ. ಹಳೆಯ ಬಣ್ಣದ ಪದರವೇ ಕಂಡರೆ ಸುಡು ಬಿಸಿಲಿನಲ್ಲಿ ಹೊಡೆದದ್ದು, ಮೇಲೆ ಬೇಗ ಕೆನೆಗಟ್ಟಿ ಒಳಗೆ ಥಿನ್ನರ್ ಸಿಕ್ಕಿಕೊಂಡಿದೆ. ಎರಡನೆಯದಕ್ಕೆ ತಿಕ್ಕಿ, ನೆರಳಿನಲ್ಲಿ ತೆಳ್ಳಗೆ ಹೊಡೆದರೆ ಮುಗಿಯಿತು. ಮೊದಲನೆಯದಕ್ಕೆ ಬಾಗಿಲನ್ನು ಬಿಚ್ಚಿ ಮೇಲಿನ, ಕೆಳಗಿನ ಅಂಚು ನೋಡಿ. ಹತ್ತಕ್ಕೆ ಒಂಬತ್ತು ಬಾಗಿಲಿಗೆ ಅಲ್ಲಿ ಬಣ್ಣವೇ ಇರುವುದಿಲ್ಲ! ಶ್ರಾವಣದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದೂ ಅದೇ ಅಂಚಿನಿಂದ ನೀರು ಕುಡಿದು.

ಸಾಗುವಾನಿಗೆ ಆಯಿಲ್ ಪೇಂಟ್ ಹೊಡೆದು ವಾರವಾದರೂ ಕೈಗೆ ಅಂಟುತ್ತಿದ್ದರೆ ಕಟ್ಟಿಗೆಯ ಸ್ವಂತ ಎಣ್ಣೆ ಅದನ್ನು ಒಣಗಲು ಬಿಡುತ್ತಿಲ್ಲ. ಪ್ರೈಮರ್‌ಗೆ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಗಂಟಿನ ಜಾಗದಲ್ಲಿ ಕಂದು ಅಂಟು ಜಿನುಗಿದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಒಂದೆರಡು ಸಲ ಸವರಿ. ಬಣ್ಣ ನೆರಿಗೆ ನೆರಿಗೆಯಾಗಿದ್ದರೆ ದಪ್ಪಗೆ ಹೊಡೆದಿದ್ದಾರೆ, ಅಥವಾ ಮೊದಲ ಕೋಟ್ ಒಣಗುವ ಮೊದಲೇ ಎರಡನೆಯದು.

ಎದ್ದಿಲ್ಲ, ಆದರೆ ಚೆಂದ ಕಾಣುತ್ತಿಲ್ಲ

ಹೊಸ ಗಿಲಾವಿನ ಮೇಲೆ ಸುಟ್ಟ ಹಾಗೆ ಬಣ್ಣ ಮಾಸಿದ ಪಟ್ಟೆ ಬಂದರೆ ಸಿಮೆಂಟಿನ ಖಾರ, ಅಂದರೆ ಕ್ಷಾರ ಗುಣ, ಇನ್ನೂ ಇಳಿದಿಲ್ಲ. ಕಡಿಮೆ ಅಂದರೂ 28 ದಿನ ಬಿಟ್ಟು, ಖಾರ ತಡೆಯುವ ಪ್ರೈಮರ್ ಹಾಕಿ ಹೊಡೆಯಬೇಕಿತ್ತು. ಅಂಥ ಹಸಿ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ಅದು ಸಾಬೂನಾಗಿ ಅಂಟಂಟಾಗಿಯೇ ಉಳಿಯುತ್ತದೆ.

ರೋಲರ್‌ನ ಗೆರೆ ಗೆರೆ ಕಂಡರೆ ಗೋಡೆ ಕಾದಿತ್ತು ಅಥವಾ ಗಾಳಿ ಜೋರಿತ್ತು. ಗದಗ ಕಡೆ ಬೀಸುವ ಗಾಳಿಗೆ ಹೊರಗೋಡೆಯ ಒಂದು ಅಂಚು ಒಣಗುವಷ್ಟರಲ್ಲಿ ಮುಂದಿನ ಎಳೆತ ಬಂದಿರಬೇಕು. ಆದಷ್ಟು ಬಿಸಿಲನ್ನು ಬೆನ್ನಟ್ಟದೆ ನೆರಳನ್ನು ಹಿಂಬಾಲಿಸಿ. ಒಂದು ಗೋಡೆಯ ಅರ್ಧ ಒಂದು ಛಾಯೆ, ಉಳಿದರ್ಧ ಇನ್ನೊಂದು ಛಾಯೆ ಆಗಿದ್ದರೆ ಡಬ್ಬಿಗಳು ಬೇರೆ ಬೇರೆ ಬ್ಯಾಚಿನವು. ಮೊದಲೇ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಸುರಿದು ಕಲಸಬೇಕು. ನೀರು ಡಬ್ಬಿಯ ಮೇಲೆ ಬರೆದಷ್ಟೇ, ಅದೂ ಬೋರಿನ ಸವಳು ನೀರು ಬೇಡ. ವಾರಕ್ಕೊಮ್ಮೆ ನಳ ಬಂದಾಗ ಎರಡು ಕೊಡ ಬಣ್ಣಕ್ಕೆಂದೇ ಎತ್ತಿಡಿ.

ನಮ್ಮ ಪಶ್ಚಿಮದ ಗೋಡೆಯ ಕೆಳಗಿನ ಎರಡು ಅಡಿ ಸದ್ಯಕ್ಕೆ ಬರಿ ಗಿಲಾವು. ಪೈಪಿಗೆ ಬೆಂಡ್ ಹಾಕಿಸಿ ಮೂರು ತಿಂಗಳಾಯಿತು. ಹೋದ ಭಾನುವಾರ ಮತ್ತೆ ಪಾಲಿಥಿನ್ ಹಚ್ಚಿದ್ದೆ. ಒಳಗೆ ಇನ್ನೂ ಒಂದು ಮೂಲೆಯಲ್ಲಿ ಬೆವರಿತ್ತು. ಬಂದವರೆಲ್ಲ "ಇದ್ಯಾಕ್ರೀ ಹಿಂಗ ಬಿಟ್ಟೀರಿ?" ಅಂತ ಕೇಳುತ್ತಾರೆ. ಅದರ ಮುಂದೆ ಒಂದು ಕುರ್ಚಿ ಇಟ್ಟಿದ್ದೇನೆ, ಗೋಡೆಗೆ ತಾಗದ ಹಾಗೆ, ಗಾಳಿ ಆಡಲಿ ಅಂತ.